ಅಘನಾಶಿನಿಯ ಗಜನಿ ಮತ್ತು ಅದರ ಒಡ್ಡು

ಕಾಗವಾಡ, ಉಗಾರ, ಶೇಡಬಾಳದ ಕಡೆಯವರಿಗೆ ಸವಳು ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣೆಯ ನೀರು ಕಬ್ಬಿಗೆ ಹರಿದು ಹರಿದು, ಬಸಿದು ಹೋಗಲು ದಾರಿ ಕಾಣದೆ ನಿಂತಲ್ಲಿ ನೆಲದಡಿಯ ಉಪ್ಪು ಮೇಲಕ್ಕೆ ಬಂದು ಬಿಳಿಯ ಪೊರೆ ಕಟ್ಟುತ್ತದೆ. ಆಮೇಲೆ ಆ ಹೊಲದಲ್ಲಿ ಹುಲ್ಲು ಕೂಡ ನೆಟ್ಟಗೆ ಏಳದು. ಉಪ್ಪು ಹತ್ತಿದ ಭೂಮಿ ಕೈಬಿಟ್ಟ ಭೂಮಿ ಎಂದೇ ನಿಮ್ಮ ಎಣಿಕೆ. ಆದರೆ ಇದೇ ಕನ್ನಡ ನಾಡಿನ ಪಡುವಣ ಅಂಚಿನಲ್ಲಿ, ಕುಮಟೆಯ ಬಳಿ, ಉಪ್ಪು ನೀರಿನೊಡನೆ ಒಂದು ಬಗೆಯ ಒಡಂಬಡಿಕೆ ಮಾಡಿಕೊಂಡು ತಲೆತಲಾಂತರದಿಂದ ಭತ್ತ ಬೆಳೆದ ಜನರಿದ್ದಾರೆ. ಅವರ ಆ ಭೂಮಿಯನ್ನೊಳಗೊಂಡ ಅಘನಾಶಿನಿಯ ಅಳಿವೆಯು 2024ರ ಜನವರಿ ಕೊನೆಯಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಸೇರಿದ್ದು ಸಂತೋಷವೇ. ಆದರೆ ಪಟ್ಟಿಗೆ ಸೇರಿದ ನೆಲವನ್ನು ನೋಡಿಕೊಳ್ಳುವುದು ಹೇಗೆಂಬ ಯೋಜನೆಯನ್ನು ಬರೆಯಬೇಕಾದವರು ಮೊದಲು ಅದರ ಚರಿತ್ರೆಯನ್ನು ಓದಿಕೊಳ್ಳಬೇಕಾಗುತ್ತದೆ.

ಅಘನಾಶಿನಿ ದೊಡ್ಡ ಹೊಳೆಯಲ್ಲ. ಶಿರಸಿಯ ಸುತ್ತಿನ ಕಾಡಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟುಗಳು ಬಂದವು, ಇದಕ್ಕೆ ಬರಲಿಲ್ಲ. ಆದ್ದರಿಂದಲೇ ಮಳೆಗಾಲದಲ್ಲಿ ಘಟ್ಟದ ಸಿಹಿ ನೀರು ತಡೆಯಿಲ್ಲದೆ ಇಳಿದು ಅಳಿವೆಯನ್ನು ತೊಳೆಯುತ್ತದೆ, ಬೇಸಿಗೆಯಲ್ಲಿ ಭರತದ ಉಪ್ಪು ನೀರು ಮೈಲಿಗಟ್ಟಲೆ ಒಳಗೆ ಬರುತ್ತದೆ. ಈ ಎರಡು ನೀರುಗಳ ಸರದಿಯನ್ನು ಅರಿತು ಕಟ್ಟಿದ್ದು ಗಜನಿ.

ಗಜನಿ ಎಂದರೆ ಅಳಿವೆಯ ದಂಡೆಯ ತಗ್ಗು ಗದ್ದೆ. ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ತೂಬು, ತೂಬಿಗೆ ಮರದ ಹಲಗೆ. ಮಳೆ ಹಿಡಿಯುವ ಮುಂಚೆ ಹಲಗೆಯನ್ನು ಇಳಿಸಿ ಉಪ್ಪು ನೀರನ್ನು ಹೊರಗಿಡಬೇಕು. ಮೊದಲ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಕೆಸರಿನಲ್ಲಿ ಎರಚುತ್ತಾರೆ. ಕಗ್ಗ ಎತ್ತರದ ತಳಿ. ಕೆಲವು ದಿನ ನೀರಿನಲ್ಲಿ ಮುಳುಗಿದರೂ, ತುಸು ಉಪ್ಪು ತಗಲಿದರೂ ತಾಳಿಕೊಳ್ಳುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ಮಳೆ ಹಿಂದಾದ ಮೇಲೆ ತೆನೆಯನ್ನು ಕೊಯ್ದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು, ಹಲಗೆಯನ್ನು ಎತ್ತುತ್ತಾರೆ. ಭರತದ ನೀರಿನೊಡನೆ ಸೀಗಡಿ, ಮೀನು, ಏಡಿ ಒಳಬಂದು ಕೊಳೆಯುವ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತವೆ. ಅವುಗಳ ಬೆನ್ನಿಗೆ ಕೊಕ್ಕರೆ, ಬೆಳ್ಳಕ್ಕಿ, ಚಳಿಗಾಲದ ವಲಸೆಯ ಹಕ್ಕಿಗಳು. ಅದೇ ಗದ್ದೆ ಅರ್ಧ ವರ್ಷ ಅನ್ನದ್ದು, ಅರ್ಧ ವರ್ಷ ಮೀನಿನದು. ಹಕ್ಕಿಗಳಿಗೆಂದು ಯಾರೂ ಇದನ್ನು ಮಾಡಲಿಲ್ಲ. ಹಲಗೆ ಸರಿಯಾದ ಹೊತ್ತಿಗೆ ಇಳಿದು ಏರುತ್ತಿದ್ದುದರಿಂದ ಹಕ್ಕಿಗೂ ಪಾಲು ಸಿಕ್ಕಿತು, ಅಷ್ಟೆ.

ಈ ಏರ್ಪಾಟಿನ ಜೀವಾಳ ಒಡ್ಡು. ಮಣ್ಣಿನ ಒಡ್ಡು ವರ್ಷವರ್ಷವೂ ಕುಸಿಯುತ್ತದೆ, ಏಡಿ ಕೊರೆಯುತ್ತದೆ. ವರ್ಷವರ್ಷವೂ ಎಲ್ಲರೂ ಕೂಡಿ ಮಣ್ಣು ಹಾಕಬೇಕು. ಒಬ್ಬನ ಗದ್ದೆಯ ಮುಂದೆ ಒಡೆದರೆ ಊರಿನ ಬೆಳೆಯೆಲ್ಲ ಹೋಯಿತು. ಹೀಗಾಗಿ ಒಡ್ಡಿನ ಕೆಲಸ ಊರಿನ ಕೆಲಸವಾಗಿತ್ತು.

ಇಲ್ಲಿ ನಿಮ್ಮ ಜಿಲ್ಲೆಯ ಚರಿತ್ರೆಗೂ ಅವರ ಜಿಲ್ಲೆಯ ಚರಿತ್ರೆಗೂ ಒಂದು ಗಂಟು ಇದೆ. 1956ರ ನವೆಂಬರ 1ರ ವರೆಗೆ ಬೆಳಗಾವಿಯೂ ಉತ್ತರ ಕನ್ನಡವೂ ಮುಂಬಯಿ ರಾಜ್ಯದಲ್ಲಿದ್ದವು. ಕಡಲಂಚಿನ ಉಪ್ಪು ಭೂಮಿಗಳನ್ನು ರಕ್ಷಿಸಿ ಸಾಗುವಳಿಗೆ ತರಲು ಮುಂಬಯಿ ಸರಕಾರವು 1948ರಲ್ಲಿ ಖಾರ್‌ಲ್ಯಾಂಡ್ ಕಾಯದೆಯನ್ನು ಮಾಡಿತು. ಇಲ್ಲಿಯ ಖಾರವು ಮೆಣಸಿನಕಾಯಿಯ ಖಾರವಲ್ಲವೆಂದು ಮರಾಠಿ ಬಲ್ಲ ಗಡಿಯ ಓದುಗರಿಗೆ ಹೇಳಬೇಕಿಲ್ಲ. ಅದು ಉಪ್ಪು ನೆಲ. ಏಕೀಕರಣದ ನಂತರವೂ ಆ ಹೆಸರು ಉಳಿಯಿತು. ಮುಂದಿನ ದಶಕಗಳಲ್ಲಿ ಸರಕಾರವು ಅಘನಾಶಿನಿಯ ದಂಡೆಯಲ್ಲಿ ಕಲ್ಲಿನ ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಇವತ್ತಿಗೂ ಕುಮಟೆಯ ಕಡೆ ಅವುಗಳಿಗೆ ಖಾರ್‌ಲ್ಯಾಂಡ್ ಒಡ್ಡು ಎಂದೇ ಹೆಸರು.

ಕಲ್ಲಿನ ಒಡ್ಡು ಬಂದದ್ದು ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಡ್ಡು ಸರಕಾರದ್ದಾದ ಮೇಲೆ ಮಣ್ಣು ಹಾಕಲು ಊರಿಗೆ ಯಾವ ಕಾರಣ? 1974ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರನು ಗದ್ದೆಯ ಒಡೆಯನಾದನು. ಅದು ನ್ಯಾಯವಾದದ್ದೇ. ಗದ್ದೆ ಒಬ್ಬೊಬ್ಬರ ಹೆಸರಿಗೆ ಹಂಚಿಹೋಯಿತು, ತೂಬು ಮಾತ್ರ ಯಾರ ಹೆಸರಿಗೂ ಬರಲಿಲ್ಲ. ಹಲಗೆ ಮುಕ್ಕಾದರೆ ಅರ್ಜಿ ಬರೆಯಬೇಕಾಯಿತು. ಮಳೆ ಅರ್ಜಿಗಾಗಿ ಕಾಯುವುದಿಲ್ಲ.

ಅಷ್ಟರಲ್ಲಿ ಸೀಗಡಿಗೆ ಬೆಲೆ ಬಂತು. 1990ರ ಸುಮಾರಿಗೆ ಗಜನಿಗಳನ್ನು ಸೀಗಡಿ ಸಾಕಣೆಗೆ ಗುತ್ತಿಗೆ ಕೊಡುವುದು ಹೆಚ್ಚಿತು. ಗುತ್ತಿಗೆ ಹಿಡಿದವನಿಗೆ ವರ್ಷವಿಡೀ ಉಪ್ಪು ನೀರು ಬೇಕು, ಕಗ್ಗ ಬಿತ್ತುವವನಿಗೆ ಆರು ತಿಂಗಳು ಅದು ಬೇಡ. ತೂಬು ಒಂದೇ. ಹಣವಿದ್ದ ಕಡೆಗೆ ಹಲಗೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಲವೇ ವರ್ಷಗಳಲ್ಲಿ ಬಿಳಿಚುಕ್ಕೆ ರೋಗ ದೇಶದ ಸೀಗಡಿ ಕೆರೆಗಳನ್ನು ಹಾಳುಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಮ್ ಕೋರ್ಟು ಸಾಂಪ್ರದಾಯಿಕ ಬಗೆಯನ್ನು ಬಿಟ್ಟು ಉಳಿದ ಸೀಗಡಿ ಕೆರೆಗಳನ್ನು ಕರಾವಳಿ ನಿಯಂತ್ರಣ ವಲಯದಿಂದ ತೆಗೆಯಬೇಕೆಂದು ತೀರ್ಪಿತ್ತಿತು. ಸೀಗಡಿ ಹೋದಲ್ಲೆಲ್ಲ ಕಗ್ಗ ಮರಳಿ ಬರಲಿಲ್ಲ. ಬೀಜವೂ ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಕಾಯುವ ಪದಾರ್ಥವಲ್ಲ. ಬಿತ್ತುತ್ತಿದ್ದರೆ ಮಾತ್ರ ಉಳಿಯುತ್ತದೆ. ಮಾಣಿಕಟ್ಟೆಯಂಥ ಕೆಲವೆಡೆ ಬೆಳೆಗಾರರು ಒಟ್ಟುಗೂಡಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಪಾಳು ಬಿದ್ದ ಹಲವು ಗಜನಿಗಳಲ್ಲಿ ಈಗ ಕಾಂಡ್ಲಾ ಗಿಡಗಳು ಬೆಳೆದಿವೆ.

ನಡುವೆ ಇನ್ನೊಂದು ಗಂಡಾಂತರ ಬಂದು ಹೋಯಿತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಜನರ ವಿರೋಧದಿಂದ ಅದು ನಿಂತಿತು. ಆಗ ಅಳಿವೆಯ ಪರವಾಗಿ ವಾದಿಸಿದವರು ಹಕ್ಕಿಯ ಚೆಂದವನ್ನಷ್ಟೇ ಹೇಳಲಿಲ್ಲ. ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಬಳಚು ಹೆಕ್ಕುವವರ ದುಡಿಮೆಯ ಲೆಕ್ಕವನ್ನೂ ಮುಂದಿಟ್ಟರು.

ಈಗ ಯೋಜನೆಯ ಮಾತಿಗೆ ಬರೋಣ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಆ ಪಟ್ಟಿಯಲ್ಲಿ ಅಘನಾಶಿನಿಯ ಅಳಿವೆ 4801 ಹೆಕ್ಟೇರು, ಎಂದರೆ 12 ಸಾವಿರ ಎಕರೆಗೆ ತುಸು ಕಡಿಮೆ. 6000ದಿಂದ 7500 ಕುಟುಂಬಗಳು ಇದರಿಂದ ಬದುಕುತ್ತವೆಂದು ಸರಕಾರಿ ಪ್ರಕಟಣೆಯೇ ಹೇಳುತ್ತದೆ. ಒಪ್ಪಂದವೂ ಜನರನ್ನು ಹೊರಹಾಕೆನ್ನುವುದಿಲ್ಲ. ವಿವೇಕದಿಂದ ಬಳಸಿರಿ ಎನ್ನುತ್ತದೆ.

ತೊಡಕಿರುವುದು ನಮ್ಮದೇ ನಿಯಮಗಳಲ್ಲಿ. 2017ರ ಜೌಗು ನೆಲ ನಿಯಮಗಳ ವ್ಯಾಖ್ಯೆಯು ಭತ್ತದ ಗದ್ದೆಯನ್ನೂ, ಉಪ್ಪಿಗಾಗಿ ಮತ್ತು ಜಲಕೃಷಿಗಾಗಿ ಕಟ್ಟಿದ ರಚನೆಗಳನ್ನೂ ಎಣಿಕೆಯಿಂದ ಬಿಟ್ಟಿದೆ. ಬೇರೆಡೆ ಅದು ಸರಿಯಿದ್ದೀತು. ಅಘನಾಶಿನಿಯಲ್ಲಾದರೋ ಗಜನಿಯನ್ನೂ ಸಾಣಿಕಟ್ಟೆಯ ಉಪ್ಪಿನ ಆಗರವನ್ನೂ ಬಿಟ್ಟರೆ ಉಳಿಯುವುದು ಅರ್ಧ ಅಳಿವೆ. ಕರಾವಳಿ ವಲಯದ ನಿಯಮ ಬೇರೆ, ಮೀನುಗಾರಿಕೆಯ ಇಲಾಖೆ ಬೇರೆ, ಅರಣ್ಯ ಬೇರೆ, ಒಡ್ಡು ನೋಡುವವರು ಬೇರೆ. ಹೊಳೆ ಮಾತ್ರ ಒಂದೇ.

ನಾಡಿನ ಹಳೆಯ ಧಾಮಗಳ ಅನುಭವವೂ ಇದೇ. ಕಾವೇರಿಗೆ 17ನೆಯ ಶತಮಾನದಲ್ಲಿ ಒಡ್ಡು ಹಾಕಿದಾಗ ಉಂಟಾದ ನಡುಗಡ್ಡೆಗಳನ್ನು, ಸಲೀಂ ಅಲಿಯವರ ಸಲಹೆಯಂತೆ, ಮೈಸೂರು ಸರಕಾರವು 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಸಾರಿತು. ಬೇಟೆ ನಿಂತಿತು, ಆದರೆ ಮೇಲಿನ ಕೃಷ್ಣರಾಜಸಾಗರದಿಂದ ಎಷ್ಟು ನೀರು ಬಿಡಬೇಕೆಂಬುದು ಧಾಮದವರ ಕೈಯಲ್ಲಿಲ್ಲ, ಮಹಾಪೂರ ಬಂದಾಗ ಗೂಡುಗಳೂ ದ್ವೀಪಗಳ ಮಣ್ಣೂ ಕೊಚ್ಚಿಹೋದದ್ದುಂಟು. ನಿಮಗೆ ಹತ್ತಿರದ ಧೂಪದಾಳವನ್ನೇ ನೋಡಿರಿ. ಘಟಪ್ರಭೆಯ ಹಳೆಯ ನೀರಾವರಿ ಒಡ್ಡಿನ ಹಿನ್ನೀರೇ 1974ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿಯೂ ನೀರಿನ ಮಟ್ಟ ಕಾಲುವೆಯ ಅಗತ್ಯವನ್ನು ನೋಡಿಕೊಂಡು ಏರಿಳಿಯುತ್ತದೆ.

ಅಘನಾಶಿನಿಯಲ್ಲಿ ಆ ಅಂತರವನ್ನು ತುಂಬಲು ಇನ್ನೂ ಅವಕಾಶವಿದೆ, ಏಕೆಂದರೆ ಹಲಗೆಯನ್ನು ಎತ್ತುವವರೂ ಇಳಿಸುವವರೂ ಅದೇ ದಂಡೆಯ ಊರುಗಳಲ್ಲಿದ್ದಾರೆ. ನನ್ನ ಮಟ್ಟಿಗೆ ಯೋಜನೆಯ ಮೊದಲ ಪುಟದಲ್ಲಿ ಹಕ್ಕಿಗಳ ಪಟ್ಟಿಗಿಂತ ಮೊದಲು ತೂಬುಗಳ ಪಟ್ಟಿ ಬರಬೇಕು: ಯಾವ ಒಡ್ಡಿನಲ್ಲಿ ಎಷ್ಟು ತೂಬು, ಯಾವುದರ ಹಲಗೆ ಗಟ್ಟಿ, ಯಾವುದು ಮುಕ್ಕು, ಯಾವ ಗಜನಿ ಕಗ್ಗಕ್ಕೆ, ಯಾವುದನ್ನು ಕಾಂಡ್ಲಾಕ್ಕೇ ಬಿಟ್ಟುಕೊಡುವುದು, ರಿಪೇರಿಯ ಹಣ ಯಾರ ಕೈಗೆ. ಇಷ್ಟನ್ನು ಬರೆಯಲು ವಿಮಾನದಿಂದ ತೆಗೆದ ನಕಾಶೆ ಸಾಲದು. ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುಂಚೆ, ಒಡ್ಡಿನ ಮೇಲೆ ಕಾಲ್ನಡಿಗೆಯಲ್ಲೇ ಹೋಗಬೇಕು.