ಜಪಾನಿ ಭಾಷೆಯಲ್ಲಿ ನಿಮ್ಮ ಹೆಸರು 'ಶಿಕಾರುಕಿ' ಅಲ್ಲ!

'ಎ ಅಂದರೆ ಕಾ, ಬಿ ಅಂದರೆ ತು, ಸಿ ಅಂದರೆ ಮಿ... ಜಪಾನಿ ಭಾಷೆಯಲ್ಲಿ ನಿಮ್ಮ ಹೆಸರೇನು? ಬರೆದು ಗ್ರೂಪಿಗೆ ಕಳಿಸಿ.' ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರ ಪ್ರಕಾರ ರವಿ 'ಶಿಕಾರುಕಿ' ಆಗುತ್ತಾರೆ, ಲತಾ 'ತಾಕಾಚಿಕಾ' ಆಗುತ್ತಾರೆ. ನಮ್ಮ ಕುಟುಂಬದ ಗ್ರೂಪಿನಲ್ಲಿ ಒಂದು ಭಾನುವಾರ ಪೂರ್ತಿ ಇದೇ ನಡೆಯಿತು.

ಇದು ಸುಳ್ಳು. ಇಂಗ್ಲಿಷಿನ 26 ಅಕ್ಷರಗಳಿಗೆ ಒಂದಕ್ಕೊಂದು ಹೊಂದುವ ಅಕ್ಷರಮಾಲೆ ಜಪಾನಿ ಭಾಷೆಯಲ್ಲಿ ಇಲ್ಲವೇ ಇಲ್ಲ. ಪಟ್ಟಿಯಲ್ಲೇ ಸುಳಿವಿದೆ ನೋಡಿ: 'ಎಫ್ ಅಂದರೆ ಲು' ಎನ್ನುತ್ತದೆ. ಜಪಾನಿ ಭಾಷೆಯಲ್ಲಿ 'ಲ'ಕಾರವೇ ಇಲ್ಲ!

ಹಾಗಾದರೆ ಹೆಸರು ಬರೆಯುವುದು ಹೇಗೆ?

ಉಚ್ಚಾರಣೆಯಂತೆ, ನಾವು ಕನ್ನಡದಲ್ಲಿ ಬರೆಯುವ ಹಾಗೆಯೇ. ಜಪಾನಿನಲ್ಲಿ ಧ್ವನಿ ಸೂಚಿಸುವ ಎರಡು ಲಿಪಿಗಳಿವೆ: ಹಿರಗಾನ ಮತ್ತು ಕಟಕಾನ. ಎರಡರಲ್ಲೂ 46 ಮೂಲ ಅಕ್ಷರಗಳು. ಅವುಗಳ ಕ್ರಮ ಕೇಳಿ: ಅ, ಇ, ಉ, ಎ, ಒ, ನಂತರ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಬೌದ್ಧ ಧರ್ಮದೊಂದಿಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವವದು.

ವಿದೇಶಿ ಹೆಸರುಗಳಿಗೆ ಕಟಕಾನ ಬಳಸುತ್ತಾರೆ. ಲತಾ ಅಲ್ಲಿ 'ರತಾ'. ರವಿಯನ್ನು 'ರಬಿ' ಎಂದು ಬರೆಯಬಹುದು, 'ವ'ಕಾರಕ್ಕೆ ಹತ್ತಿರವಾದ ಇನ್ನೊಂದು ಬರವಣಿಗೆಯೂ ಇದೆ. ಕೆಲಸಕ್ಕೆಂದು ಜಪಾನಿಗೆ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಲ್ಲಿನ ಬ್ಯಾಂಕ್ ಖಾತೆಗಳಲ್ಲಿ ಹೆಸರು ಕಟಕಾನದಲ್ಲಿ ದಾಖಲಾಗುತ್ತದೆ. ಒಂದು ಕಡೆ 'ರಬಿ', ಇನ್ನೊಂದು ಕಡೆ 'ರವಿ' ಎಂದಿದ್ದರೆ ಸಂಬಳದ ಹಣವೂ ವಾಪಸ್ ಹೋಗಬಹುದು.

ಸಾವಿರಾರು ಕೀಲಿಗಳ ಕೀಬೋರ್ಡ್?

ಇದು ಇನ್ನೊಂದು ತಪ್ಪು ಕಲ್ಪನೆ. ಚೀನಾದಿಂದ ಬಂದ ಕಾಂಜಿ ಚಿಹ್ನೆಗಳಲ್ಲಿ ದಿನಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವುದೇ 2,136. ಹಳೆಯ ಜಪಾನಿ ಟೈಪ್‌ರೈಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಚ್ಚುಮೊಳೆಗಳಿದ್ದದ್ದು ನಿಜ. ಆದರೆ 1978ರಲ್ಲಿ ತೋಷಿಬಾ ಕಂಪನಿ ಮೊದಲ ಜಪಾನಿ ವರ್ಡ್ ಪ್ರೊಸೆಸರ್ ತಂದ ಮೇಲೆ ಆಟವೇ ಬದಲಾಯಿತು. (ಬೆಲೆ 63 ಲಕ್ಷ ಯೆನ್!) ಉಚ್ಚಾರಣೆ ಟೈಪಿಸಿದರೆ ಯಂತ್ರವೇ ಕಾಂಜಿ ಹುಡುಕಿ ಕೊಡುತ್ತಿತ್ತು.

ಈಗ ನಿಮ್ಮ ಮುಂದಿರುವ ಸಾಮಾನ್ಯ ಕೀಬೋರ್ಡೇ ಸಾಕು. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ, ಅಥವಾ ಫೋನಿನ ಜಿಬೋರ್ಡ್‌ನಲ್ಲಿ ಜಪಾನಿ ಭಾಷೆ ಸೇರಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'ಹಶಿ' ಎಂದು ಟೈಪಿಸಿದರೆ ಮೊದಲು ಹಿರಗಾನ ಬರುತ್ತದೆ. ಸ್ಪೇಸ್ ಒತ್ತಿದರೆ ಕಾಂಜಿಗಳ ಪಟ್ಟಿ: ಸೇತುವೆ, ಊಟದ ಕಡ್ಡಿ, ಅಂಚು. ಮೂರಕ್ಕೂ ಉಚ್ಚಾರಣೆ ಹಶಿ! ಬೇಕಾದ್ದನ್ನು ಆರಿಸಿ ಎಂಟರ್ ಒತ್ತಬೇಕು. ವಿಂಡೋಸ್‌ನಲ್ಲಿ ಸ್ಪೇಸ್ ಬದಲು ಎಫ್7 ಒತ್ತಿದರೆ ಕಟಕಾನ. ನಿಮ್ಮ ಹೆಸರನ್ನು ಹೀಗೆ ಬರೆದು ನೋಡಬಹುದು.

ಅಂದರೆ, ಪದದ ಉಚ್ಚಾರಣೆ ಗೊತ್ತಿಲ್ಲದಿದ್ದರೆ ಟೈಪಿಸಲಾಗದು. ಪದಗಳನ್ನು ಕಲಿಯುವವರಿಗೆ ಇದೇ ಒಳ್ಳೆಯ ಪರೀಕ್ಷೆ. ಕಾಂಜಿಯ ಅರ್ಥ ಮಾತ್ರ ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕನ್ನಡಿಗರಿಗೆ ಒಂದು ಅನುಕೂಲವಿದೆ. 'ಒಬಸಾನ್' ಎಂದರೆ ಚಿಕ್ಕಮ್ಮ, ಅತ್ತೆ. 'ಒಬಾಸಾನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆ ಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಓದುವವರು ಇಲ್ಲಿ ಎಡವುತ್ತಾರೆ. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ನಮಗೆ ಇದೇನು ಕಷ್ಟ? ಹೊಸ ಪದಗಳನ್ನು ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ ಎಂಬುದು ನನ್ನ ಸಲಹೆ.

ಟೈಪಿಂಗ್ ಒಂದನ್ನೇ ನಂಬಿದರೆ ಕೈಬರಹ ಮರೆಯುತ್ತದೆ. ಜಪಾನೀಯರಿಗೂ ಈ ಪಾಡು ತಪ್ಪಿಲ್ಲ. ಹಾಗೆ ಮರೆತವರನ್ನು 'ವಾಪುರೊ ಬಾಕಾ' ಎಂದು ಛೇಡಿಸುತ್ತಾರೆ. ವರ್ಡ್ ಪ್ರೊಸೆಸರ್ ಪೆದ್ದ ಎಂದರ್ಥ!

ಮೊದಲ ಪ್ರಯತ್ನಕ್ಕೆ 'ಕೊನ್ನಿಚಿವಾ' (ನಮಸ್ಕಾರ) ಟೈಪಿಸಿ. ಎರಡು ಕಡೆ ಎಚ್ಚರ: 'ಎನ್' ಕೀಲಿಯನ್ನು ಮೂರು ಸಲ ಒತ್ತಬೇಕು, ಕೊನೆಯ 'ವಾ' ಬದಲು 'ಹ' ಎಂದು ಟೈಪಿಸಬೇಕು. ಅಲ್ಲಿ ಬರೆಯುವುದು 'ಹ', ಓದುವುದು 'ವಾ'.