ನಾರಾದ ನಡಿಗೆದಾರಿ: ವಿಹಾರ, ಗುಡಿ, ವಸ್ತುಸಂಗ್ರಹಾಲಯ

ಜಪಾನಿನ ನಾರಾ ನಗರದ ರೈಲು ನಿಲ್ದಾಣದಿಂದ ಪೂರ್ವಕ್ಕೆ ಏರುವ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ನಡೆದರೆ ಕೋಫುಕುಜಿ ವಿಹಾರ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ತೋದಾಯ್‌ಜಿ ವಿಹಾರ ಮತ್ತು ಕಸುಗಾ ಶಿಂತೋ ಗುಡಿ ನಾಲ್ಕನ್ನೂ ನೋಡಬಹುದು. ನಕ್ಷೆಯಲ್ಲಿ ಇವು ನಾಲ್ಕು ಬೇರೆ ಬೇರೆ ಚುಕ್ಕೆಗಳು. ಆದರೆ ವಿಹಾರ ಬೇರೆ, ಗುಡಿ ಬೇರೆ, ಕಲೆ ಬೇರೆ ಎಂಬ ವಿಂಗಡಣೆಗೆ ಇಲ್ಲಿ ನೂರೈವತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನ ಪ್ರಾಯವಷ್ಟೇ.

ನಾರಾ 710ರಲ್ಲಿ ರಾಜಧಾನಿಯಾಯಿತು. ಆಸ್ಥಾನದಲ್ಲಿ ಪ್ರಬಲವಾಗಿದ್ದ ಫುಜಿವಾರಾ ಮನೆತನಕ್ಕೆ ಕೋಫುಕುಜಿ ಕುಲದ ವಿಹಾರವಾಗಿತ್ತು, ಕಸುಗಾ ಕುಲದೇವರ ಗುಡಿಯಾಗಿತ್ತು. ಕಸುಗಾದ ಸ್ಥಾಪನೆಯನ್ನು ಪರಂಪರೆ 768ಕ್ಕೆ ಇಡುತ್ತದೆ. ಅಲ್ಲಿನ ಮೊದಲ ದೇವರು ತಾಕೆಮಿಕಾಜುಚಿ ಕಾಶಿಮಾದಿಂದ ಬಿಳಿ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿದೆ. ಪ್ರವಾಸಿಗರ ಕೈಯಲ್ಲಿರುವ ಕಾಗದಕ್ಕೂ ಬಾಯಿ ಹಾಕುವ ಇಂದಿನ ಜಿಂಕೆಗಳಿಗೆ ಆ ಕಥೆಯಿಂದಲೇ ಪಾವಿತ್ರ್ಯ ಬಂದಿದೆ. ಈ ದೇವರು ಅಮೋಘಪಾಶ ಅವಲೋಕಿತೇಶ್ವರನ ಇನ್ನೊಂದು ರೂಪವೆಂದು ಬೌದ್ಧರು ಒಪ್ಪಿಕೊಂಡರು, ಗುಡಿಯ ಮುಂದೆ ಸೂತ್ರಗಳನ್ನು ಪಠಿಸಿದರು. ಮಧ್ಯಯುಗದಲ್ಲಿ ಕೋಫುಕುಜಿಯ ಭಿಕ್ಷುಗಳಿಗೆ ಅರಮನೆಯ ಮೇಲೆ ಸಿಟ್ಟು ಬಂದರೆ ಅವರು ಆಗಿನ ರಾಜಧಾನಿ ಕ್ಯೋತೋವಿಗೆ ಹೊತ್ತೊಯ್ಯುತ್ತಿದ್ದುದು ಬುದ್ಧನ ವಿಗ್ರಹವನ್ನಲ್ಲ, ಕಸುಗಾದ ಪವಿತ್ರ ಮರವನ್ನು. ಎರಡು ಧರ್ಮಗಳ ಬೆರಕೆ ಎಂದು ಇದನ್ನು ಬಣ್ಣಿಸುವುದು ಈಗಿನವರ ಮಾತು. ಅಂದಿನವರಿಗೆ ಅದು ಒಂದೇ ಮನೆಯ ಎರಡು ಕೋಣೆಗಳಾಗಿತ್ತು.

ತೋದಾಯ್‌ಜಿಯ ಕಂಚಿನ ಮಹಾಬುದ್ಧನನ್ನು ಮಾಡಿಸಿದವನು ಚಕ್ರವರ್ತಿ ಶೋಮು. 752ರಲ್ಲಿ ನಡೆದ ಅದರ ನೇತ್ರೋನ್ಮೀಲನದಲ್ಲಿ ಕುಂಚ ಹಿಡಿದವನು ಭಾರತದಿಂದ ಚೀನಾದ ಮೂಲಕ ಬಂದಿದ್ದ ಭಿಕ್ಷು ಬೋಧಿಸೇನ. ಕುಂಚಕ್ಕೆ ಸುಮಾರು 200 ಮೀಟರ್ ಉದ್ದದ ನೀಲಿ ರೇಷ್ಮೆ ಹುರಿ ಕಟ್ಟಿದ್ದರು. ನೆರೆದವರು ಅದರ ಇನ್ನೊಂದು ತುದಿ ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. 1180ರಲ್ಲಿ ತಾಯ್ರಾ ಮನೆತನದ ಸೇನೆ ಹಚ್ಚಿದ ಬೆಂಕಿಗೆ ವಿಹಾರ ಸುಟ್ಟುಹೋಯಿತು. ವಿಗ್ರಹದ ದುರಸ್ತಿಯಾದ ಮೇಲೆ, 1185ರಲ್ಲಿ, ನಿವೃತ್ತ ಚಕ್ರವರ್ತಿ ಗೋಶಿರಾಕಾವಾ ಅದೇ ಹಳೆಯ ಕುಂಚವನ್ನು ತರಿಸಿ ಕಣ್ಣು ಬರೆದ. ಕುಂಚವೂ ಹುರಿಯೂ ಇಂದಿಗೂ ಉಳಿದಿವೆ. 1567ರ ಕಾಳಗದಲ್ಲಿ ಭವನ ಮತ್ತೆ ಉರಿಯಿತು. ಈಗಿನದು 1709ರದು. ಅದರ ಅಗಲ 57 ಮೀಟರ್, ಮೊದಲಿನದು ಸುಮಾರು 86 ಮೀಟರ್ ಇತ್ತು.

ದಕ್ಷಿಣ ಮಹಾದ್ವಾರದ ಇಬ್ಬರು ಕಾವಲುಗಾರರು 1180ರ ಬೆಂಕಿಯ ನಂತರದ ಜೀರ್ಣೋದ್ಧಾರಕ್ಕೆ ಸೇರಿದವರು. ಎಂಟು ಮೀಟರಿಗೂ ಮೀರಿದ ಈ ಮರದ ಮೂರ್ತಿಗಳನ್ನು 1203ರಲ್ಲಿ 69 ದಿನಗಳಲ್ಲಿ ಮುಗಿಸಲಾಯಿತು. ಒಂದೊಂದರಲ್ಲೂ ಸುಮಾರು 3,000 ತುಂಡುಗಳ ಜೋಡಣೆಯಿದೆ. ಒಬ್ಬನ ಬಾಯಿ ತೆರೆದು ‘ಅ’ ಎನ್ನುತ್ತದೆ, ಇನ್ನೊಬ್ಬನದು ಮುಚ್ಚಿ ‘ಹೂಂ’ ಎನ್ನುತ್ತದೆ. ಸಂಸ್ಕೃತದ ಅಕ್ಷರಗಳು ಹೀಗೆ ಜಪಾನಿ ಮುಖಗಳಲ್ಲಿ ನಿಂತಿವೆ. 1988ರಿಂದ 1993ರವರೆಗೆ ನಡೆದ ದುರಸ್ತಿಯಲ್ಲಿ ಮೂರ್ತಿಗಳ ಒಳಗಿನ ಬರಹಗಳು ಸಿಕ್ಕವು. ಬಾಯಿ ತೆರೆದವನ ಮೇಲೆ ಶಿಲ್ಪಿಗಳಾದ ಉನ್ಕೆಯ್ ಮತ್ತು ಕಾಯ್ಕೆಯ್ ಹೆಸರುಗಳಿದ್ದರೆ, ಮುಚ್ಚಿದವನಲ್ಲಿ ಜೋಕಾಕು ಮತ್ತು ತಾಂಕೆಯ್ ಹೆಸರುಗಳಿದ್ದವು.

ವಿಹಾರದ ಹಿಂಬದಿಯಲ್ಲಿ ಶೋಸೋಇನ್ ಇದೆ. ತೊಲೆಗಳ ಮೇಲೆ ತೊಲೆ ಪೇರಿಸಿ, ನೆಲದಿಂದ ಎತ್ತರಿಸಿ ಕಟ್ಟಿದ ಉಗ್ರಾಣವದು. 756ರಲ್ಲಿ ಶೋಮು ತೀರಿಕೊಂಡಾಗ ರಾಣಿ ಕೋಮ್ಯೋ ಅವನ ಬಳಕೆಯ ವಸ್ತುಗಳನ್ನು, ಔಷಧಿಗಳನ್ನು ಪಟ್ಟಿ ಸಮೇತ ಮಹಾಬುದ್ಧನಿಗೆ ಅರ್ಪಿಸಿದಳು. ಅಂದು ಬುದ್ಧನಿಗೆ ಕೊಟ್ಟ ಕಾಣಿಕೆಯೇ ಇಂದಿನ ಸಂಗ್ರಹದ ಮೂಲ. ಅಲ್ಲಿನ ಐದು ತಂತಿಯ ಬಿವಾ ವಾದ್ಯದ ಮೇಲೆ ಒಂಟೆಯೇರಿ ವಾದ್ಯ ನುಡಿಸುವವನ ಚಿತ್ರವನ್ನು ಚಿಪ್ಪಿನ ಕೆತ್ತನೆಯಲ್ಲಿ ಕೂರಿಸಲಾಗಿದೆ. ಬಾಗಿಲಿಗೆ ಅರಮನೆಯ ಮುದ್ರೆ ಬೀಳುತ್ತಿದ್ದುದರಿಂದ ಅದನ್ನು ಸುಮ್ಮನೆ ತೆರೆಯುವಂತಿರಲಿಲ್ಲ.

ಎಲ್ಲವನ್ನೂ ಕದಡಿದ್ದು 1868ರ ರಾಜಾಜ್ಞೆ. ದೇವರನ್ನೂ ಬುದ್ಧನನ್ನೂ ಬೇರ್ಪಡಿಸಬೇಕೆಂದು ಮೇಜಿ ಸರ್ಕಾರ ವಿಧಿಸಿತು. ಕೋಫುಕುಜಿಯ ಭಿಕ್ಷುಗಳು ಕಸುಗಾದ ಅರ್ಚಕರಾದರು, ವಿಹಾರ ಬಿಕೋ ಎಂದಿತು, ಆವರಣದ ಗೋಡೆಗಳನ್ನು ಕೆಡವಿದರು. ಇಂದಿಗೂ ಅದಕ್ಕೆ ಸುತ್ತುಗೋಡೆಯಿಲ್ಲದಿರುವುದು ಇದರಿಂದಲೇ. 1880ರಲ್ಲಿ ಆ ನೆಲ ನಾರಾ ಉದ್ಯಾನದ ಭಾಗವಾಯಿತು. 1426ರಲ್ಲಿ ಕಟ್ಟಿದ, 50 ಮೀಟರ್ ಎತ್ತರದ ಐದು ಅಂತಸ್ತಿನ ಗೋಪುರವನ್ನು ಚಿಲ್ಲರೆ ಕಾಸಿಗೆ ಮಾರಿದ್ದರೆಂಬ ಕಥೆಯಿದೆ. ಲೋಹಕ್ಕಾಗಿ ಅದನ್ನು ಸುಡಹೊರಟವರನ್ನು ಬೆಂಕಿಗೆ ಹೆದರಿದ ನೆರೆಹೊರೆಯವರು ತಡೆದರಂತೆ. ಬೆಲೆ ಮಾತ್ರ ಹೇಳುವವರ ಬಾಯಲ್ಲಿ ಬದಲಾಗುತ್ತದೆ. ಲೆಕ್ಕಕ್ಕಿಂತ ಅಂದಿನ ಮನಃಸ್ಥಿತಿಗೆ ಈ ಕಥೆ ಒಳ್ಳೆಯ ಸಾಕ್ಷಿ.

ಕೆಡವಿದ ಸರ್ಕಾರವೇ ಉಳಿಸಲೂ ಹೊರಟಿತು. 1872ರಲ್ಲಿ ಹಳೆಯ ವಸ್ತುಗಳ ಸಮೀಕ್ಷೆ ನಡೆಯಿತು, ಶೋಸೋಇನ್‌ನ ಮುದ್ರೆ ಒಡೆದು ಒಳಗಿನದನ್ನು ಪರಿಶೀಲಿಸಲಾಯಿತು. 1875ರ ನಾರಾ ಪ್ರದರ್ಶನಕ್ಕೆ ಮಹಾಬುದ್ಧನ ಭವನ ಮತ್ತು ಅದರ ಮೊಗಸಾಲೆಗಳೇ ಸ್ಥಳವಾದವು. 1895ರಲ್ಲಿ ವಾಸ್ತುಶಿಲ್ಪಿ ಕಾತಾಯಾಮಾ ತೋಕುಮಾ ರೂಪಿಸಿದ ಪಾಶ್ಚಾತ್ಯ ಶೈಲಿಯ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ವಿಹಾರ, ಗುಡಿಗಳ ರಕ್ಷಣೆಯ ಕಾಯ್ದೆ 1897ರಲ್ಲಿ ಬಂತು. ಶೋಸೋಇನ್ ವಸ್ತುಗಳ ಶರತ್ಕಾಲದ ಪ್ರದರ್ಶನ ಇಲ್ಲಿ ಶುರುವಾದದ್ದು 1946ರಲ್ಲಿ, ಯುದ್ಧದಲ್ಲಿ ಸೋತ ಮರುವರ್ಷ.

ಈ ಬದಲಾವಣೆಯನ್ನೆಲ್ಲ ಒಂದೇ ಮೂರ್ತಿಯಲ್ಲಿ ನೋಡಬಹುದಾದರೆ ಅದು ಕೋಫುಕುಜಿಯ ಅಶುರ, ನಮ್ಮ ‘ಅಸುರ’ನೇ. 734ರ ಈ ಮೂರ್ತಿಗೆ ಮೂರು ಮುಖ, ಆರು ಕೈ. ಮಣ್ಣಿನ ಅಚ್ಚಿನ ಮೇಲೆ ಸೆಣಬಿನ ಬಟ್ಟೆಯನ್ನು ಉರುಶಿ ಮರದ ಅಂಟಿನಿಂದ ಪದರ ಪದರವಾಗಿ ಹಚ್ಚಿ, ಒಣಗಿದ ಮೇಲೆ ಬೆನ್ನು ಸೀಳಿ ಮಣ್ಣು ತೆಗೆದು, ಒಳಗೆ ಮರದ ಚೌಕಟ್ಟು ನಿಲ್ಲಿಸಿದ್ದಾರೆ. ಹಾಗಾಗಿ 153 ಸೆಂಟಿಮೀಟರ್ ಎತ್ತರವಿದ್ದರೂ ಅದು ತೀರಾ ಹಗುರ, ಬೆಂಕಿ ಬಿದ್ದಾಗ ಎತ್ತಿಕೊಂಡು ಓಡುವಷ್ಟು. ಅದಿದ್ದ ಪಶ್ಚಿಮ ಭವನ 1717ರಲ್ಲಿ ಸುಟ್ಟ ಮೇಲೆ ಮತ್ತೆ ಏಳಲಿಲ್ಲ. ಈಗ ಅಶುರ, ಭಿಕ್ಷುಗಳ ಹಳೆಯ ಭೋಜನಶಾಲೆಯ ಜಾಗದಲ್ಲಿ 1959ರಲ್ಲಿ ತೆರೆದ ವಿಹಾರದ್ದೇ ಸಂಗ್ರಹಾಲಯದಲ್ಲಿ, ಗಾಜಿನ ಮರೆಯಿಲ್ಲದೆ ನಿಂತಿದ್ದಾನೆ. ಪೂಜಾಪೀಠ ಅಲ್ಲಿಲ್ಲ, ದೀಪಗಳೂ ಪ್ರದರ್ಶನಕ್ಕೆಂದು ಹಾಕಿದವು. ಆದರೂ ನೋಡಲು ಬಂದವರಲ್ಲಿ ಕೈಮುಗಿಯುವವರಿದ್ದಾರೆ.