ಅಟ್ಲೆಟಿಕೊ ಮ್ಯಾಡ್ರಿಡ್: 2013–14ರ ಲಾ ಲಿಗಾ ಋತು
ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಫುಟ್‌ಬಾಲ್ ಕ್ಲಬ್ ದೇಶದ ಅಗ್ರ ವಿಭಾಗವಾದ ಲಾ ಲಿಗಾದಲ್ಲಿ ತನ್ನ 10ನೆಯ ಪ್ರಶಸ್ತಿ ಗೆದ್ದ ಋತು. ತರಬೇತುದಾರ ಡಿಯೆಗೊ ಸಿಮಿಯೋನೆ. ಕ್ಲಬ್ ಹಿಂದಿನ ಬಾರಿ, 1995–96ರಲ್ಲಿ, ಗೆದ್ದಾಗ ಅವರು ತಂಡದ ಆಟಗಾರರಾಗಿದ್ದರು. ರಡಮೆಲ್ ಫಾಲ್ಕಾವೊ ಮೊನಾಕೊ ತಂಡಕ್ಕೆ ಹೋದ ಮೇಲೆ ಆಕ್ರಮಣದ ಹೊಣೆ ಹೊತ್ತ ಡಿಯೆಗೊ ಕೋಸ್ಟಾ ಲೀಗಿನಲ್ಲಿ 27 ಗೋಲು ಗಳಿಸಿದರು. ಆದರೂ ತಂಡದ ನಿಜವಾದ ಬಲ ರಕ್ಷಣೆಯೇ: 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 26 ಗೋಲು ಮಾತ್ರ. 2014ರ ಮೇ 17ರಂದು ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಬಾರ್ಸಿಲೋನಾ ವಿರುದ್ಧ ಕೊನೆಯ ಪಂದ್ಯ. ಬಾರ್ಸಿಲೋನಾ ಗೆದ್ದಿದ್ದರೆ ಪ್ರಶಸ್ತಿ ಅದರ ಪಾಲಾಗುತ್ತಿತ್ತು. ಕೋಸ್ಟಾ ಮತ್ತು ಅರ್ದಾ ತುರಾನ್ ಮೊದಲಾರ್ಧದಲ್ಲೇ ಗಾಯಗೊಂಡು ಹೊರನಡೆದರು. ಬಾರ್ಸಿಲೋನಾದ ಅಲೆಕ್ಸಿಸ್ ಸಾಂಚೆಸ್ ಗೋಲಿಗೆ ಡಿಯೆಗೊ ಗೊಡಿನ್ ಹೆಡರ್‌ನಿಂದ ಉತ್ತರಿಸಿ ಪಂದ್ಯ 1–1ರಲ್ಲಿ ಮುಗಿಯಿತು. ಅಟ್ಲೆಟಿಕೊ ಅಂಕ 90; ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ತಲಾ 87. 2004–05ರಿಂದ ಪ್ರಶಸ್ತಿ ಈ ಎರಡು ಕ್ಲಬ್‌ಗಳನ್ನು ಬಿಟ್ಟು ಬೇರೆಡೆಗೆ ಹೋಗಿರಲಿಲ್ಲ.